ಕ್ಯಾಂಪರ್‌ವ್ಯಾನ್ ತಂಗುದಾಣ: ಬಾಡಿಗೆಯ ಆಚೆಗಿನ ಲೆಕ್ಕ

ಹುಬ್ಬಳ್ಳಿ-ಧಾರವಾಡದಿಂದ ಹಳಿಯಾಳ ಮಾರ್ಗವಾಗಿ ದಾಂಡೇಲಿಯ ಕಾಡಂಚಿಗೆ ಕ್ಯಾಂಪರ್‌ವ್ಯಾನಿನಲ್ಲಿ, ಅಂದರೆ ಹಾಸಿಗೆ, ಒಲೆ, ನೀರಿನ ಟ್ಯಾಂಕುಗಳನ್ನು ಒಳಗೊಂಡ ವಾಹನದಲ್ಲಿ ಹೋಗುವವರು ರಾತ್ರಿ ತಂಗಲು ತೆರುವ ಹಣದಲ್ಲಿ ಜಾಗದ ಬಾಡಿಗೆ ಒಂದು ಭಾಗ ಮಾತ್ರವಾಗಿದ್ದು, ವಿದ್ಯುತ್, ನೀರು, ಹೆಚ್ಚುವರಿ ಜನ ಇವುಗಳ ಶುಲ್ಕ ಬೇರೆಯಾಗಿ ಸೇರುವುದುಂಟು.

ಇವುಗಳಲ್ಲಿ ಹೆಚ್ಚು ತಕರಾರಿಗೆ ಎಡೆಗೊಡುವುದು ವಿದ್ಯುತ್. ದೀಪ, ಫ್ಯಾನುಗಳಿಗೆ 6 ಆಂಪಿಯರ್ ಪ್ಲಗ್ ಸಾಕಾದರೂ ಏಸಿಗೆ 16 ಆಂಪಿಯರ್ ಸಾಕೆಟ್ ಬೇಕಾಗುತ್ತದೆ. 1.5 ಕಿಲೋವ್ಯಾಟ್ ಎಳೆಯುವ ಏಸಿ ಎಂಟು ಗಂಟೆ ಬಿಡುವಿಲ್ಲದೆ ಓಡಿದರೆ 12 ಯೂನಿಟ್ ಖರ್ಚಾಗುವುದರಿಂದ, ಎಲ್ಲರಿಂದಲೂ ಒಂದೇ ಮೊತ್ತ ಪಡೆಯುವುದಕ್ಕಿಂತ ಮೀಟರ್ ನೋಡಿ ಹಣ ಪಡೆಯುವುದೇ ನ್ಯಾಯ. ಶೌಚದ ಟ್ಯಾಂಕನ್ನು ಖಾಲಿ ಮಾಡಿಸುವ ಶುಲ್ಕದಲ್ಲಿ ಮಾತ್ರ ಚೌಕಾಸಿ ಸಲ್ಲದು, ಏಕೆಂದರೆ ಅದನ್ನು ಉಳಿಸಲು ಹೋದರೆ ಆ ಕೊಳೆ ಕಾಳಿ ನದಿಯ ಪಾಲಾಗುತ್ತದೆ.

ಈ ಶುಲ್ಕಗಳ ಜೊತೆಗೆ ತೆರಿಗೆಯ ಲೆಕ್ಕವೂ ಇದೆ. ಜಿಎಸ್‌ಟಿ ನಿಯಮಗಳು ವಸತಿಯ ಕ್ಯಾಂಪ್‌ಸೈಟುಗಳನ್ನು ಹೋಟೆಲು, ಅತಿಥಿಗೃಹಗಳ ಸಾಲಿನಲ್ಲೇ ಇರಿಸಿವೆ. ದಿನಕ್ಕೆ 1,000 ರೂಪಾಯಿವರೆಗಿನ ದರದ ವಸತಿಗಿದ್ದ ವಿನಾಯಿತಿ 2022ರ ಜುಲೈ 18ರಿಂದ ರದ್ದಾಗಿ ಶೇ. 12ರ ತೆರಿಗೆ ಬಂದಿತು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ವಸತಿಗೆ ಅದು ಶೇ. 5ಕ್ಕೆ ಇಳಿದಿದೆ. ವ್ಯಾನಿಗೆ ಜಾಗ ಕೊಡುವ, ಜಿಎಸ್‌ಟಿ ನೋಂದಣಿಯಿಲ್ಲದ ಸಣ್ಣ ಹೋಂಸ್ಟೇ ಮಾಲೀಕರು ಈ ತೆರಿಗೆಯ ಹೆಸರಿನಲ್ಲಿ ಹಣ ಪಡೆಯುವಂತಿಲ್ಲವಾದ್ದರಿಂದ, ರಸೀದಿಯಲ್ಲಿ 15 ಅಂಕಿ-ಅಕ್ಷರಗಳ ನೋಂದಣಿ ಸಂಖ್ಯೆ ಇದೆಯೇ ಎಂದು ನೋಡಿಯೇ ಹಣ ಕೊಡಬೇಕು.