ಸೂಚನೆ ತೋರುವ ಪರದೆ: ದಿನಾಂಕ ತಪ್ಪದಂತೆ ನಡೆಸುವ ಬಗೆ

 

ಗೋಡೆಗೆ ಅಂಟಿಸಿದ ವಿದ್ಯಾರ್ಥಿವೇತನದ ಸೂಚನೆ ಅವಧಿ ಮುಗಿದ ಮೇಲೂ ಅಲ್ಲೇ ಇರುತ್ತದೆ. ಅದನ್ನು ನಂಬಿ ಒಂದು ದಿನದ ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಕೊಟ್ಟು ಬಂದ ಪಾಲಕರು ಬರಿಗೈಯಲ್ಲಿ ಮರಳಬೇಕಾಗುತ್ತದೆ. ಆದ್ದರಿಂದ ಹಾನಗಲ್ಲ, ಶಿಗ್ಗಾಂವ, ಸವಣೂರು ಮತ್ತು ಹಿರೇಕೆರೂರಿನಲ್ಲಿ ಟಿವಿ ಪರದೆಯ ಮೇಲೆ ಸೂಚನೆ ತೋರಿಸಲು ಉದ್ದೇಶಿಸಿದ್ದೇವೆ. ಈ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಬೇಕಾಗುವ ಸಾಮಗ್ರಿ

ಎಚ್‌ಡಿಎಂಐ ಇರುವ ಟಿವಿ, ಅದಕ್ಕೆ ಜೋಡಿಸುವ ಒಂದು ಚಿಕ್ಕ ಕಂಪ್ಯೂಟರ್, ಇಂಟರ್‌ನೆಟ್ ಮತ್ತು ಸಾಫ್ಟ್‌ವೇರ್ ಇಷ್ಟಿದ್ದರೆ ಸಾಕು. ಒಂದೇ ಪರದೆಗಾದರೆ ರಾಸ್ಪ್‌ಬೆರಿ ಪೈ ಮೇಲೆ ನಡೆಯುವ ‘ಆಂಥಿಯಾಸ್’ ಎಂಬ ಉಚಿತ ಸಾಫ್ಟ್‌ವೇರ್ ಸಾಲುತ್ತದೆ. ನಾಲ್ಕೂ ಊರುಗಳ ಪರದೆಗಳನ್ನು ಒಂದೇ ಕಡೆಯಿಂದ ನಡೆಸಲು ‘ಜಿಬೊ’ ಅನುಕೂಲ. ಇದರ ಮುಖ್ಯ ಭಾಗವೂ ಉಚಿತ. ಆದರೆ ಆಂಡ್ರಾಯ್ಡ್ ಪೆಟ್ಟಿಗೆ ಬಳಸಿದರೆ ಲೈಸೆನ್ಸ್ ಶುಲ್ಕ ಕೊಡಬೇಕು. ಲಿನಕ್ಸ್ ಹಾಕಿದ ಹಳೆಯ ಕಂಪ್ಯೂಟರ್‌ಗೆ ಆ ಶುಲ್ಕವಿಲ್ಲ.

ವೇಳಾಪಟ್ಟಿಯೇ ಮುಖ್ಯ

ಪ್ರತಿ ಪುಟಕ್ಕೆ ಆರಂಭದ ದಿನ, ಮುಗಿಯುವ ದಿನ, ತೋರಿಸುವ ಹೊತ್ತು ಮತ್ತು ಯಾವ ಊರಿನ ಪರದೆ ಎಂಬುದನ್ನು ಮೊದಲೇ ಬರೆದಿಡುತ್ತೇವೆ. ಅವಧಿ ಮುಗಿದ ಕೂಡಲೇ ಪುಟ ತಾನಾಗಿಯೇ ಇಳಿಯುತ್ತದೆ.

ಉದಾಹರಣೆಗೆ, ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನ ವಿದ್ಯಾರ್ಥಿವೇತನಕ್ಕೆ ಮೂರು ಪುಟಗಳು ಬೇಕು. ಅರ್ಜಿ ಆರಂಭವಾಗುವ ಮುನ್ನವೇ, ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ಮಾಡಿಸಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿ ಎಂಬ ಪುಟ ಬರಬೇಕು. ಹಣ ನೇರವಾಗಿ ಖಾತೆಗೆ ಬರುವುದರಿಂದ, ಜೋಡಣೆ ಇಲ್ಲದಿದ್ದರೆ ಮಂಜೂರಾದದ್ದೂ ಕೈಸೇರದು. ಅರ್ಜಿ ಆರಂಭವಾದ ದಿನದಿಂದ ಎರಡನೆಯ ಪುಟ. ಕೊನೆಯ ವಾರಕ್ಕೆ ಮೂರನೆಯದು; ಇದಕ್ಕೆ ‘ಆದ್ಯತೆ’ ಕೊಟ್ಟರೆ ಉಳಿದ ಪುಟಗಳನ್ನು ತಡೆದು ಇದೊಂದನ್ನೇ ತೋರಿಸುತ್ತದೆ. ಸರ್ಕಾರ ದಿನಾಂಕ ಮುಂದೂಡಿದರೆ ಒಂದು ಕಡೆ ತಿದ್ದಿದರಾಯಿತು, ಎಲ್ಲ ಊರುಗಳಲ್ಲೂ ಬದಲಾಗುತ್ತದೆ. ಯಾವ ಸೂಚನೆಯೂ ಇಲ್ಲದ ಹೊತ್ತಿಗೆ ಕಚೇರಿಯ ವೇಳೆ ಮತ್ತು ಬೇಕಾದ ದಾಖಲೆಗಳ ಪಟ್ಟಿಯನ್ನು ಖಾಯಂ ಪುಟವಾಗಿ ಇಡುತ್ತೇವೆ.

ಜುಮಾ ನಮಾಜಿನ ನಂತರ ಮತ್ತು ಸಂತೆಯ ದಿನ ಜನ ಹೆಚ್ಚು ಬರುತ್ತಾರೆ. ಆ ಹೊತ್ತಿನಲ್ಲಿ ಪುಟಗಳು ಕಡಿಮೆ ಇದ್ದು, ಪ್ರತಿಯೊಂದೂ ಹೆಚ್ಚು ಸಮಯ ನಿಲ್ಲಬೇಕು. ನಿಧಾನವಾಗಿ ಎರಡು ಸಲ ಓದಿ, ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳುವಷ್ಟು ಸಮಯ ನಮ್ಮ ಅಳತೆ.

ಎಚ್ಚರ ವಹಿಸಬೇಕಾದ ಕಡೆ

ಇಂಟರ್‌ನೆಟ್ ಕಡಿದರೂ ಮೊದಲೇ ಇಳಿಸಿಕೊಂಡ ಪುಟಗಳು ನಡೆಯುತ್ತವೆ. ಆದರೆ ಹೊಸ ತಿದ್ದುಪಡಿ ತಲುಪುವುದಿಲ್ಲ. ಹೀಗಾಗಿ ಪ್ರತಿ ಪುಟದ ಕೆಳಗೆ ಅದನ್ನು ತಯಾರಿಸಿದ ದಿನಾಂಕ ಇರುತ್ತದೆ. ರಾಸ್ಪ್‌ಬೆರಿ ಪೈನ ಹಳೆಯ ಮಾದರಿಗಳಲ್ಲಿ ಕರೆಂಟ್ ಹೋದಾಗಲೂ ನಡೆಯುವ ಗಡಿಯಾರವಿಲ್ಲ. ಕರೆಂಟ್ ಬಂದಾಗ ಇಂಟರ್‌ನೆಟ್ ಇಲ್ಲದಿದ್ದರೆ ಅದರ ಸಮಯ ತಪ್ಪುತ್ತದೆ, ವೇಳಾಪಟ್ಟಿಯೂ ಕೆಡುತ್ತದೆ. ಬ್ಯಾಟರಿ ಇರುವ ಸಣ್ಣ ಗಡಿಯಾರದ ಬಿಡಿಭಾಗ ಜೋಡಿಸಿದರೆ ಈ ತೊಂದರೆ ಇಲ್ಲ.

ಹಳೆಯ ನುಡಿ ಅಕ್ಷರಗಳಲ್ಲಿ ಟೈಪ್ ಮಾಡಿದ್ದು ಪರದೆಯಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಬಹುದು. ಆದ್ದರಿಂದ ಕನ್ನಡ ಯೂನಿಕೋಡ್‌ನಲ್ಲಿಯೇ ಇರಬೇಕು. ಉರ್ದು ಪುಟವನ್ನು ಚಿತ್ರವಾಗಿ ಮಾಡಿ ಹಾಕಿದರೆ ಅಕ್ಷರ ಕೆಡುವುದಿಲ್ಲ. ವಿದ್ಯಾರ್ಥಿಯ ಹೆಸರು, ಆಧಾರ್ ಅಥವಾ ಖಾತೆ ಸಂಖ್ಯೆಯನ್ನು ಪರದೆಯಲ್ಲಿ ಹಾಕುವುದಿಲ್ಲ. ನೆರವು ಪಡೆಯುವವರ ಮರ್ಯಾದೆ ದೊಡ್ಡದು.

ದಾನಿಗಳಲ್ಲಿ ಮತ್ತು ಪಾಲಕರಲ್ಲಿ ವಿನಂತಿ

ಟಿವಿ ಕೊಂಡ ಮೇಲೆ ಖರ್ಚು ಮುಗಿಯುವುದಿಲ್ಲ. ಇಂಟರ್‌ನೆಟ್, ಕರೆಂಟ್ ಮತ್ತು ದಿನವೂ ದಿನಾಂಕ ನೋಡಿ ತಿದ್ದುವ ಒಬ್ಬ ವ್ಯಕ್ತಿ ಬೇಕು. ಸುಸ್ಥಿತಿಯ ಟಿವಿ ಅಥವಾ ಕಂಪ್ಯೂಟರ್ ಮನೆಯಲ್ಲಿದ್ದರೆ ದಾನಿಗಳು ಅದನ್ನೇ ಕೊಡಬಹುದು. ಉಳಿದ ಹಣ ಮಕ್ಕಳ ಫೀಗೆ ಆಗುತ್ತದೆ. ಕಾಲೇಜು ಓದುವ ಮಕ್ಕಳು ಪುಟ ತಯಾರಿಸಲು ಕೈಜೋಡಿಸಿದರೆ ಅದೂ ದೊಡ್ಡ ಸಹಾಯ.

ಪಾಲಕರೇ, ಪರದೆ ಸೂಚನೆ ತೋರಿಸಬಲ್ಲದು, ಅರ್ಜಿ ತುಂಬಲಾರದು. ಕಾಗದದ ಪ್ರಕಟಣೆಯೂ ಮುಂದುವರಿಯುತ್ತದೆ. ಎರಡರಲ್ಲಿ ದಿನಾಂಕ ಬೇರೆ ಕಂಡರೆ ಬಸ್ಸು ಹತ್ತುವ ಮೊದಲು ನಮ್ಮ ಕಚೇರಿಗೆ ಒಂದು ಫೋನ್ ಮಾಡಿ ಕೇಳಿರಿ. ಅಲ್ಲಾಹನು ನಮ್ಮ ಮಕ್ಕಳ ವಿದ್ಯೆಯಲ್ಲಿ ಬರಕತ್ ನೀಡಲಿ.