ಸಾಲಿನ ಕೊನೆಯಲ್ಲಿ ಅಡಗಿದ ಹದಿಮೂರು

ವಿಂಡೋಸ್ ಕಂಪ್ಯೂಟರಿನ ನೋಟ್‌ಪ್ಯಾಡಿನಲ್ಲಿ ಹತ್ತು ಸಾಲಿನ ಒಂದು ಸ್ಕ್ರಿಪ್ಟ್ ಬರೆದಿದ್ದೀರಿ ಎನ್ನಿ. ಫೋಟೊಗಳನ್ನು ತಾರೀಖಿನ ಪ್ರಕಾರ ಬೇರೆ ಬೇರೆ ಫೋಲ್ಡರಿಗೆ ಹಾಕುವುದಷ್ಟೇ ಅದರ ಕೆಲಸ. ಅದನ್ನು ಲಿನಕ್ಸ್ ಇರುವ ಕಂಪ್ಯೂಟರಿಗೆ ಒಯ್ದು ಓಡಿಸುತ್ತೀರಿ. ‘ಅಂಥ ಫೈಲಾಗಲಿ ಡೈರೆಕ್ಟರಿಯಾಗಲಿ ಇಲ್ಲ’ ಎಂಬ ಸಂದೇಶ ಬರುತ್ತದೆ. ಫೈಲು ಕಣ್ಣೆದುರೇ ಇದೆ. ತೆರೆದು ಓದಿದರೆ ಒಂದಕ್ಷರವೂ ತಪ್ಪಿಲ್ಲ. ಇಲ್ಲಿಗೆ ಬಂದವರು ಬಹುತೇಕ ಸಾಫ್ಟ್‌ವೇರನ್ನೇ ಅಳಿಸಿ ಮತ್ತೆ ಹಾಕುತ್ತಾರೆ. ಅರ್ಧ ದಿನ ಹೋಗುತ್ತದೆ, ಸಂದೇಶ ಮಾತ್ರ ಬದಲಾಗುವುದಿಲ್ಲ.

ಕಂಪ್ಯೂಟರ್ ಹೇಳುತ್ತಿರುವುದು ನಿಜ. ಆದರೆ ಅದು ‘ಇಲ್ಲ’ ಎನ್ನುತ್ತಿರುವುದು ನಿಮ್ಮ ಫೈಲಿನ ಬಗ್ಗೆ ಅಲ್ಲ.

ಲಿನಕ್ಸ್‌ನಂಥ ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಸ್ಕ್ರಿಪ್ಟಿನ ಮೊದಲ ಸಾಲಿಗೆ ವಿಶೇಷ ಅರ್ಥವಿದೆ. ಹ್ಯಾಶ್ ಗುರುತು, ಆಶ್ಚರ್ಯಸೂಚಕ, ಅದರ ಮುಂದೆ ಒಂದು ಪ್ರೋಗ್ರಾಮಿನ ವಿಳಾಸ; ‘ಈ ಸಾಲುಗಳನ್ನು ಓದಿ ನಡೆಸಬೇಕಾದವರು ಇವರು’ ಎಂದು ಅದು ವ್ಯವಸ್ಥೆಗೆ ತಿಳಿಸುತ್ತದೆ. ಡೆನಿಸ್ ರಿಚಿ 1980ರ ಸುಮಾರಿಗೆ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್‌ಗೆ ಸೇರಿಸಿದ ಅನುಕೂಲ ಇದು. ನಡುವೆ ಖಾಲಿ ಜಾಗ ಇಲ್ಲದಿದ್ದರೆ ಸಾಲು ಎಲ್ಲಿ ಮುಗಿಯುತ್ತದೋ ಅಲ್ಲಿಯವರೆಗೆ ಇರುವುದೆಲ್ಲ ವಿಳಾಸ. ಕಂಪ್ಯೂಟರಿಗೆ ಪ್ರತಿ ಅಕ್ಷರವೂ ಒಂದು ಸಂಖ್ಯೆ. ಲಿನಕ್ಸ್‌ಗೆ ಸಾಲು ಮುಗಿಯುವುದು 10 ಎಂಬ ಸಂಖ್ಯೆ ಸಿಕ್ಕಾಗ. ವಿಂಡೋಸಿನಲ್ಲಿ ಬರೆದ ಫೈಲಿನಲ್ಲಿ ಆ 10ರ ಹಿಂದೆ 13 ಎಂಬ ಇನ್ನೊಂದು ಸಂಖ್ಯೆ ಕುಳಿತಿರುತ್ತದೆ. ಅದಕ್ಕೆ ಆಕಾರವಿಲ್ಲ, ಪರದೆಯ ಮೇಲೆ ಕಾಣುವುದಿಲ್ಲ. ಆದ್ದರಿಂದ ಲಿನಕ್ಸ್ ಹುಡುಕಿದ್ದು ಮೊದಲ ಸಾಲಿನಲ್ಲಿ ಹೆಸರಿಸಿದ ‘ಬ್ಯಾಷ್’ ಎಂಬ ಪ್ರೋಗ್ರಾಮನ್ನಲ್ಲ, ‘ಬ್ಯಾಷ್’ ಮತ್ತು 13 ಸೇರಿದ ಹೆಸರಿನ ಪ್ರೋಗ್ರಾಮನ್ನು. ಅಂಥದ್ದು ಯಾರ ಕಂಪ್ಯೂಟರಿನಲ್ಲೂ ಇರುವುದಿಲ್ಲ.

ಈ 13 ಬಂದದ್ದು ಎಲ್ಲಿಂದ? ಟೈಪಿಂಗ್ ತರಗತಿಗೆ ಹೋದವರಿಗೆ ನೆನಪಿರಬಹುದು. ಸಾಲು ಮುಗಿಯುವ ಹೊತ್ತಿಗೆ ಗಂಟೆ ‘ಟಿಣ್’ ಎನ್ನುತ್ತಿತ್ತು. ಎಡಗೈಯಿಂದ ಹಿಡಿಕೆ ತಳ್ಳಿದರೆ ಎರಡು ಕೆಲಸ ಒಟ್ಟಿಗೆ ಆಗುತ್ತಿದ್ದವು: ಕಾಗದ ಒಂದು ಸಾಲು ಮೇಲೆ ಸರಿಯುತ್ತಿತ್ತು, ಕ್ಯಾರೇಜ್ ಹೊಸ ಸಾಲಿನ ಆರಂಭಕ್ಕೆ ಬಂದು ನಿಲ್ಲುತ್ತಿತ್ತು. ದೂರದಿಂದ ತಂತಿಯ ಮೂಲಕ ನಡೆಸುವ ಟೆಲಿಪ್ರಿಂಟರಿನಲ್ಲಿ ಹಿಡಿಕೆ ತಳ್ಳಲು ಯಾರೂ ಇರುವುದಿಲ್ಲ. ಹಾಗಾಗಿ ಎರಡು ಕೆಲಸಕ್ಕೆ ಎರಡು ಸಂಕೇತ ಬೇಕಾಯಿತು. 1963ರಲ್ಲಿ ರೂಪುಗೊಂಡ ಆಸ್ಕಿ ಸಂಕೇತ ಪಟ್ಟಿಯಲ್ಲಿ ‘ಸಾಲಿನ ಆರಂಭಕ್ಕೆ ಮರಳು’ ಎಂಬ ಕ್ಯಾರೇಜ್ ರಿಟರ್ನ್‌ಗೆ 13, ‘ಕಾಗದ ಸರಿಸು’ ಎಂಬ ಲೈನ್ ಫೀಡ್‌ಗೆ 10 ಸಂಖ್ಯೆಗಳು ಸಿಕ್ಕವು. ಆ ಕಾಲದ ಹೆಸರಾಂತ ಟೆಲಿಟೈಪ್ ಮಾಡೆಲ್ 33 ಸೆಕೆಂಡಿಗೆ 10 ಅಕ್ಷರ ಅಚ್ಚೊತ್ತುತ್ತಿತ್ತು. ಸಾಲಿನ ಕೊನೆಯಿಂದ ಆರಂಭಕ್ಕೆ ಮರಳಲು ಅದಕ್ಕೆ ಒಂದು ಅಕ್ಷರದಷ್ಟು ಸಮಯ ಸಾಲುತ್ತಿರಲಿಲ್ಲ. ಮೊದಲು 13, ಆಮೇಲೆ 10 ಕಳಿಸಿದರೆ ಕಾಗದ ಸರಿಯುವಷ್ಟರಲ್ಲಿ ಉಳಿದ ದೂರ ಕ್ರಮಿಸಿ ಮುಗಿಯುತ್ತಿತ್ತು. ಇಂದಿಗೂ ಕೆಲವು ಕೀಲಿಮಣೆಗಳಲ್ಲಿ ಎಂಟರ್ ಕೀಯ ಮೇಲೆ ‘ರಿಟರ್ನ್’ ಎಂದು ಬರೆದಿರುವುದು ಈ ಕ್ಯಾರೇಜ್ ರಿಟರ್ನ್‌ನ ನೆನಪಿಗೆ.

1969ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ಕಟ್ಟಲು ಹೊರಟಾಗ ಅದಕ್ಕೂ ಹಿಂದಿನ ಮಲ್ಟಿಕ್ಸ್ ವ್ಯವಸ್ಥೆಯ ಒಂದು ತೀರ್ಮಾನವನ್ನು ಉಳಿಸಿಕೊಂಡರು. ಫೈಲಿನಲ್ಲಿ ಸಾಲು ಮುಗಿಯಿತೆಂದು ಹೇಳಲು 10 ಒಂದೇ ಸಾಕು. ಯಂತ್ರಕ್ಕೆ 13 ಬೇಕಿದ್ದರೆ ಅಚ್ಚಿಗೆ ಕಳಿಸುವಾಗ ವ್ಯವಸ್ಥೆಯೇ ಸೇರಿಸಲಿ. ಇತ್ತ ಗ್ಯಾರಿ ಕಿಲ್ಡಾಲ್ ರೂಪಿಸಿದ ಸಿಪಿ/ಎಂ ಎರಡೂ ಸಂಖ್ಯೆಗಳನ್ನು ಫೈಲಿನಲ್ಲೇ ಇಟ್ಟುಕೊಂಡಿತು. 1981ರ ಎಂಎಸ್-ಡಾಸ್ ಅದೇ ದಾರಿ ಹಿಡಿಯಿತು, ವಿಂಡೋಸ್ ಅದನ್ನು ಮುಂದುವರಿಸಿತು. ಹಳೆಯ ಮ್ಯಾಕಿಂಟೋಷ್ 13 ಒಂದನ್ನೇ ಬಳಸುತ್ತಿತ್ತು. ಯುನಿಕ್ಸ್ ಮೂಲದ ಮ್ಯಾಕ್ ಒಎಸ್ ಟೆನ್ ಬಂದ ಮೇಲೆ ಅದೂ 10ಕ್ಕೆ ಬಂತು. ಮೂರರಲ್ಲಿ ಯಾವುದೂ ತಪ್ಪಲ್ಲ. ಒಂದು ಪದ್ಧತಿಯಲ್ಲಿ ಬರೆದದ್ದನ್ನು ಇನ್ನೊಂದು ಪದ್ಧತಿಯವರು ಓದಿದಾಗ ಮಾತ್ರ ತೊಡಕು. ವಿಂಡೋಸಿನ ನೋಟ್‌ಪ್ಯಾಡಿಗೆ 10 ಮಾತ್ರ ಇರುವ ಫೈಲನ್ನು ಸಾಲು ಸಾಲಾಗಿ ತೋರಿಸಲು ಬಂದದ್ದೇ 2018ರಲ್ಲಿ. ಅಲ್ಲಿಯವರೆಗೆ ಲಿನಕ್ಸ್‌ನಿಂದ ಬಂದ ಫೈಲು ಅದರಲ್ಲಿ ಉದ್ದನೆಯ ಒಂದೇ ಸಾಲಾಗಿ ಕಾಣುತ್ತಿತ್ತು.

ಕಾಣದ್ದನ್ನು ಕಾಣಿಸುವ ಉಪಕರಣಗಳು ಯುನಿಕ್ಸ್‌ನಲ್ಲೇ ಇವೆ. ‘ಫೈಲ್’ ಎಂಬ ಆದೇಶಕ್ಕೆ ಫೈಲಿನ ಹೆಸರು ಕೊಟ್ಟರೆ, ಸಾಲುಗಳು ಎರಡು ಸಂಖ್ಯೆಯಿಂದ ಮುಗಿಯುತ್ತಿದ್ದರೆ ಅದನ್ನು ಹೇಳುತ್ತದೆ. ‘ಕ್ಯಾಟ್’ ಆದೇಶಕ್ಕೆ ‘ವಿ’ ಆಯ್ಕೆ ಸೇರಿಸಿದರೆ 13 ಇರುವ ಕಡೆಯಲ್ಲೆಲ್ಲ ಟೋಪಿಯಂಥ ಗುರುತು ಮತ್ತು ‘ಎಂ’ ಅಕ್ಷರ ಮೂಡುತ್ತವೆ. ಕಾಯಿಲೆ ಗೊತ್ತಾದ ಮೇಲೆ ಮದ್ದು ಸುಲಭ. ‘ಡಾಸ್‌ಟುಯುನಿಕ್ಸ್’ ಎಂಬ ಪುಟ್ಟ ಪ್ರೋಗ್ರಾಮ್ ಆ 13ಗಳನ್ನು ತೆಗೆದುಹಾಕುತ್ತದೆ. ಅದು ಇಲ್ಲದಿದ್ದರೆ ಅಕ್ಷರ ಅಳಿಸುವ ‘ಟಿಆರ್’ ಆದೇಶ ಸಾಕು. ಆದರೆ ಒಂದು ಎಚ್ಚರಿಕೆ: ‘ಟಿಆರ್’ ಕೊಡುವ ಫಲಿತಾಂಶವನ್ನು ಮೂಲ ಫೈಲಿನ ಹೆಸರಿಗೇ ತಿರುಗಿಸಬೇಡಿ. ಬರೆಯಲು ಜಾಗ ಮಾಡುವುದಕ್ಕಾಗಿ, ಆದೇಶಗಳನ್ನು ಓದಿ ನಡೆಸುವ ಶೆಲ್ ಎಂಬ ಪ್ರೋಗ್ರಾಮ್ ಆ ಫೈಲನ್ನು ಮೊದಲೇ ಖಾಲಿ ಮಾಡಿಬಿಡುತ್ತದೆ. ಓದಲು ಏನೂ ಉಳಿದಿರುವುದಿಲ್ಲ. ಹೊಸ ಹೆಸರಿನಲ್ಲಿ ಉಳಿಸಿ, ಸರಿಯಿದೆಯೇ ನೋಡಿ, ಆಮೇಲೆ ಹಳೆಯದನ್ನು ಅಳಿಸಿ.

ಎಲ್ಲ ದೋಷಕ್ಕೂ 13 ಕಾರಣವಲ್ಲ. ಅದಕ್ಕೇ ಸಂದೇಶವನ್ನು ಪೂರ್ತಿ ಓದಬೇಕು. ‘ಆದೇಶ ಸಿಗಲಿಲ್ಲ’ ಎಂದರೆ ಪ್ರೋಗ್ರಾಮ್ ಹಾಕಿಲ್ಲ, ಅಥವಾ ಶೆಲ್ ಹುಡುಕುವ ಫೋಲ್ಡರುಗಳ ಪಟ್ಟಿಯಲ್ಲಿ ಅದರ ಜಾಗವಿಲ್ಲ, ಅಥವಾ ಹೆಸರಿನಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಅದಲುಬದಲಾಗಿದೆ. ಆಗ ಶೆಲ್ 127 ಎಂಬ ಸಂಖ್ಯೆಯನ್ನು ಹಿಂತಿರುಗಿಸುತ್ತದೆ. ‘ಅನುಮತಿ ಇಲ್ಲ’ ಎಂದರೆ ಫೈಲು ಸಿಕ್ಕಿದೆ, ಓಡಿಸುವ ಹಕ್ಕು ಕೊಟ್ಟಿಲ್ಲ. ಅದರ ಸಂಖ್ಯೆ 126. ಪದಸಂಸ್ಕಾರಕದಿಂದ ನಕಲು ಮಾಡಿ ಅಂಟಿಸಿದ ಆದೇಶದಲ್ಲಿ ನೇರ ಉದ್ಧರಣ ಚಿಹ್ನೆ ಬಾಗಿದ ಚಿಹ್ನೆಯಾಗಿರಬಹುದು, ಎರಡು ಕಿರುಗೆರೆ ಸೇರಿ ಒಂದು ಉದ್ದಗೆರೆಯಾಗಿರಬಹುದು. ನಮಗೆ ಅವು ಒಂದೇ ಎನ್ನಿಸುತ್ತವೆ, ಶೆಲ್‌ಗೆ ಬೇರೆ ಬೇರೆ.

ಕನ್ನಡದ ಪಠ್ಯದ ಮೇಲೆ ಕೆಲಸ ಮಾಡುವವರಿಗೆ ಈ ಮಾತು ಇನ್ನೂ ಹತ್ತಿರದ್ದು. ‘ಕನ್ನಡ’ ಎಂಬ ಪದದಲ್ಲಿ ನಮ್ಮ ಕಣ್ಣಿಗೆ ಮೂರು ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ಐದು: ಕ, ನ, ಅರ್ಧಾಕ್ಷರದ ಗುರುತು, ನ, ಡ. ಯುಟಿಎಫ್-8 ವಿಧಾನದಲ್ಲಿ ಒಂದೊಂದಕ್ಕೂ 3 ಬೈಟ್ ಬೇಕು, ಒಟ್ಟು 15. ‘ಬಸ್’ ಎಂಬ ಪದವನ್ನು ಕೆಲವು ಕೀಲಿಮಣೆ ವಿನ್ಯಾಸಗಳಲ್ಲಿ ಬರೆದಾಗ, ಅಥವಾ ಹಳೆಯ ಫಾಂಟಿನಿಂದ ಪರಿವರ್ತಿಸಿದಾಗ, ಕೊನೆಗೆ ಒಂದು ಕಾಣದ ಸಂಕೇತ ಅಂಟಿಕೊಂಡಿರುತ್ತದೆ. ಅಕ್ಷರಗಳು ಒತ್ತಾಗಿ ಕೂಡಿಕೊಳ್ಳದಂತೆ ತಡೆಯುವುದು ಅದರ ಕೆಲಸ. ಅದಕ್ಕೂ 3 ಬೈಟ್. ಹೀಗೆ 9 ಬೈಟಿನ ‘ಬಸ್’ ಮತ್ತು 12 ಬೈಟಿನ ‘ಬಸ್’ ಒಂದೇ ಪುಟದಲ್ಲಿ ಇರಬಹುದು. ಪದಗಳನ್ನು ಎಣಿಸಲು ಹೊರಟರೆ ಯುನಿಕ್ಸ್ ಉಪಕರಣಗಳು ಇವನ್ನು ಎರಡು ಪದ ಎನ್ನುತ್ತವೆ. ‘ಕೊ’ ಎಂಬುದನ್ನೂ ಎರಡು ಬಗೆಯಲ್ಲಿ ಬರೆಯಬಹುದು: ಒಂದೇ ಸ್ವರಚಿಹ್ನೆಯಾಗಿ, ಇಲ್ಲವೇ ಎತ್ವ ಮತ್ತು ಕೊಂಬಿನ ದೀರ್ಘ ಸೇರಿಸಿ. ಕಾಣುವುದು ಒಂದೇ, ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ.

ಆದರೆ ಇಲ್ಲಿ ಮದ್ದು ಬೇರೆ. ಲಿನಕ್ಸ್ ಸ್ಕ್ರಿಪ್ಟಿನಲ್ಲಿ 13 ಕಸ, ಧೈರ್ಯವಾಗಿ ಗುಡಿಸಬಹುದು. ಕನ್ನಡದ ಕಾಣದ ಸಂಕೇತಗಳೆಲ್ಲ ಕಸವಲ್ಲ. ‘ಸಾಫ್ಟ್‌ವೇರ್’ ಪದದ ನಡುವಿನ ಸಂಕೇತ ತೆಗೆದರೆ ‘ವ’ ಕೂಡ ಹಿಂದಿನ ಅಕ್ಷರಕ್ಕೆ ಒತ್ತಾಗಿ ಕೂರುತ್ತದೆ. ಆದ್ದರಿಂದ ಹುಡುಕಾಟಕ್ಕೆ, ಎಣಿಕೆಗೆ ಬೇಕಾದ ಒಂದು ಪ್ರತಿಯನ್ನು ಪ್ರತ್ಯೇಕವಾಗಿ ಮಾಡಿ ಅದನ್ನು ಏಕರೂಪಕ್ಕೆ ತರಬೇಕು. ಮೂಲವನ್ನು ಇದ್ದಂತೆಯೇ ಇರಿಸಬೇಕು.

ಟೆಲಿಪ್ರಿಂಟರುಗಳು ಮೂಲೆ ಸೇರಿ ಎಷ್ಟೋ ವರ್ಷವಾಯಿತು. ಅವುಗಳ ಚಲನೆಗೆಂದು ಹುಟ್ಟಿದ ಸಂಕೇತ ಇಂದಿಗೂ ನಮ್ಮ ಫೈಲುಗಳಲ್ಲಿ, ವೆಬ್ ಪುಟ ತರಿಸುವ ಸಂದೇಶಗಳಲ್ಲಿ, ಇಮೇಲಿನಲ್ಲಿ ಹರಿದಾಡುತ್ತಿದೆ. ಕಂಪ್ಯೂಟರ್ ಓದುವುದು ಅಕ್ಷರದ ಆಕಾರವನ್ನಲ್ಲ, ಸಂಖ್ಯೆಗಳ ಸಾಲನ್ನು. ಇದು ಮನಸ್ಸಿನಲ್ಲಿದ್ದರೆ ಅರ್ಥವಾಗದ ಎಷ್ಟೋ ದೋಷಗಳು ಅರ್ಥವಾಗುತ್ತವೆ. ಇನ್ನೊಮ್ಮೆ ‘ಎಲ್ಲ ಸರಿಯಿದೆ, ಆದರೂ ಓಡುತ್ತಿಲ್ಲ’ ಎನ್ನಿಸಿದಾಗ ಸಾಫ್ಟ್‌ವೇರ್ ಅಳಿಸುವ ಮೊದಲು ಸಂದೇಶವನ್ನು ಕೊನೆಯವರೆಗೆ ಓದಿ, ಫೈಲಿನ ಒಂದು ಪ್ರತಿ ತೆಗೆದಿಡಿ, ಆಮೇಲೆ ಅದರ ಬೈಟುಗಳನ್ನು ನೋಡಿ.