ಕೃತಕ ಬುದ್ಧಿಮತ್ತೆಯ ಆಗಮನಕ್ಕೆ ಸಿದ್ಧತೆ

ಮಂಗಳೂರಿನ ಉತ್ತರಕ್ಕೆ, ಸುರತ್ಕಲ್ಲಿನ ಸಮೀಪದಲ್ಲಿರುವ ಕಾಟಿಪಳ್ಳವು ಒಂದು ದೊಡ್ಡ ಮಾರ್ಪಾಟಿನ ಫಲವಾಗಿ ಬೆಳೆದ ಊರು. 1960ರ ದಶಕದಲ್ಲಿ ಪಣಂಬೂರಿನ ತೀರದಲ್ಲಿ ನವಮಂಗಳೂರು ಬಂದರಿನ ಕೆಲಸವು ನಡೆದಾಗ, ನೆಲವನ್ನು ಅಗೆದು ಕಡಲಿನ ನೀರನ್ನು ಒಳಕ್ಕೆ ತರಬೇಕಾಯಿತು. ಅಲ್ಲಿ ಮನೆಮಾರುಗಳಿದ್ದವರು ಊರನ್ನು ಬಿಡಬೇಕಾಯಿತು; ಅವರಲ್ಲಿ ಅನೇಕರಿಗೆ ಕಾಟಿಪಳ್ಳದಲ್ಲಿ ನೆಲೆ ಕಲ್ಪಿಸಲಾಯಿತು. ಬಂದರು ಉದ್ಘಾಟನೆಯಾದುದು 1975ರ ಜನವರಿಯಲ್ಲಿ. ಅದಕ್ಕೆ ಎಷ್ಟೋ ಮೊದಲೇ ಆ ಜನರ ಬಾಳು ಬದಲಾಗಿತ್ತು.

ಇಂದು ಕೃತಕ ಬುದ್ಧಿಮತ್ತೆಯು ಅಂತಹುದೇ ಮಾರ್ಪಾಟನ್ನು ಜಗತ್ತಿಗೆಲ್ಲ ತರುತ್ತಿದೆ. ಅದಕ್ಕೆ ನಾವು ಸಿದ್ಧರಾಗುವುದು ಹೇಗೆ?

ಬಂದರಿಗಾದರೆ ನಕಾಶೆಯುಂಟು. ಯಾವ ಗದ್ದೆ ಹೋಗುವುದು, ಯಾವುದು ಉಳಿಯುವುದು ಎಂಬುದನ್ನು ಮೊದಲೇ ಗೆರೆಯೆಳೆದು ತೋರಿಸಬಹುದು. ಕೃತಕ ಬುದ್ಧಿಮತ್ತೆಗೆ ಅಂತಹ ನಕಾಶೆಯಿಲ್ಲ. ಭಾಷೆಯನ್ನು ಬಳಸುವ ಯಂತ್ರಕ್ಕೆ ಅಪಾರವಾದ ಬರಹವನ್ನು ಒದಗಿಸಿ, ಮುಂದಿನ ಪದವನ್ನು ಊಹಿಸುವಂತೆ ಮಾಡುತ್ತಾರೆ. ಊಹೆ ತಪ್ಪಿದಂತೆಲ್ಲ ಅದರೊಳಗಿನ ಸಂಖ್ಯೆಗಳು ತುಸುತುಸುವೇ ತಿದ್ದಲ್ಪಡುತ್ತವೆ. 2020ರಲ್ಲಿ ಹೊರಬಂದ ಜಿಪಿಟಿ-3ರಲ್ಲಿ ಇಂತಹ 17,500 ಕೋಟಿ ಸಂಖ್ಯೆಗಳಿದ್ದುವು. ಹೀಗೆ ತರಬೇತಾದ ಯಂತ್ರಕ್ಕೆ ಯಾವ ಯಾವ ಶಕ್ತಿ ಬಂದಿದೆಯೆಂಬುದನ್ನು ನಿರ್ಮಾಪಕರೂ ಪರೀಕ್ಷಿಸಿಯೇ ತಿಳಿಯಬೇಕು.

ಆದುದರಿಂದ, ಬಳಕೆಗೆ ಬಿಡುವ ಮುನ್ನ ಪರೀಕ್ಷಿಸುವುದೇ ಜಗತ್ತಿನ ಮೊದಲ ಸಿದ್ಧತೆ. 2023ರ ನವೆಂಬರಿನಲ್ಲಿ ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಿನಲ್ಲಿ ಭಾರತ, ಚೀನ, ಅಮೆರಿಕಗಳೂ ಸೇರಿದಂತೆ 28 ದೇಶಗಳು ಮತ್ತು ಯುರೋಪಿಯನ್ ಒಕ್ಕೂಟ ಇದರ ಅಪಾಯಗಳನ್ನು ಒಪ್ಪಿಕೊಂಡು, ಸಹಕರಿಸುವುದಾಗಿ ಘೋಷಿಸಿದುವು. ಆದರೆ ಆ ಘೋಷಣೆಗೆ ಕಾನೂನಿನ ಬಲವಿಲ್ಲ. 2024ರ ಆಗಸ್ಟ್ 1ರಂದು ಜಾರಿಗೆ ಬಂದ ಯುರೋಪಿಯನ್ ಒಕ್ಕೂಟದ ಶಾಸನಕ್ಕೆ ಆ ಬಲವುಂಟು. ಅಪಾಯ ಹೆಚ್ಚಿದಷ್ಟೂ ನಿಬಂಧನೆ ಬಿಗಿಯಾಗಬೇಕೆಂಬುದು ಅದರ ತತ್ತ್ವ.

ಇನ್ನು ವಿದ್ಯಾರ್ಥಿಗಳ ಸಿದ್ಧತೆ. ಯಂತ್ರವು ಕೊಡುವುದು ಸಂಭವನೀಯವಾದ ಉತ್ತರ. ಅದು ನಿಜವೇ ಆಗಬೇಕೆಂದಿಲ್ಲ. ತಪ್ಪನ್ನು ಗುರುತಿಸಲು ವಿಷಯವನ್ನು ಸ್ವತಃ ಬಲ್ಲವರೇ ಬೇಕು. ಆದಕಾರಣ ಲೆಕ್ಕವನ್ನು ಮೊದಲು ನೀವೇ ಬಿಡಿಸಿರಿ, ಪ್ರಬಂಧವನ್ನು ನೀವೇ ಬರೆಯಿರಿ. ಬಳಿಕ ಯಂತ್ರದ ಉತ್ತರದೊಡನೆ ಹೋಲಿಸಿ ನೋಡಿರಿ. ಅಂತರ್ಜಾಲದಲ್ಲಿ ಕನ್ನಡದ ಬರಹವು ಇಂಗ್ಲಿಷಿನದಕ್ಕಿಂತ ಬಹಳ ಕಡಮೆಯಾದುದರಿಂದ, ಕನ್ನಡದ ಉತ್ತರಗಳಲ್ಲಿ ಈ ಎಚ್ಚರಿಕೆಯು ಇನ್ನಷ್ಟು ಅವಶ್ಯಕ.

ಯಾರ ಉದ್ಯೋಗ ಹೋಗುವುದು, ಅವರಿಗೆ ಬದಲಾಗಿ ಏನು ದೊರೆಯುವುದು, ಇದನ್ನು ನಿರ್ಧರಿಸುವವರು ಯಾರು—ಈ ಪ್ರಶ್ನೆಗಳನ್ನು ಪೌರರಾಗಿ ಈಗಲೇ ಕೇಳಬೇಕು. ಬಂದರಿನ ಗೆರೆ ಬಿದ್ದ ಮೇಲೆ ಪಣಂಬೂರಿನವರಿಗೆ ಉಳಿದುದು ಹೊರಡುವ ಕೆಲಸ ಮಾತ್ರ. ಈ ಹೊಸ ಮಾರ್ಪಾಟಿನ ಗೆರೆಗಳು ಇನ್ನೂ ಪೂರ್ತಿಯಾಗಿ ಬಿದ್ದಿಲ್ಲ.